ಗಂಗಾಳ ತೊಳೆದ ನೀರು

ಆ ಬಟ್ಟಲನ್ನು ಮೊದಲ ಸಲ ನನ್ನ ಮುಂದೆ ಇಟ್ಟಾಗ, ಅದು ಉಪ್ಪಿನಕಾಯಿಗೆ ಇಟ್ಟದ್ದು ಎಂದುಕೊಂಡು ಉಳಿದ ಊಟ ಎಲ್ಲಿದೆ ಎಂದು ಅತ್ತಿತ್ತ ನೋಡಿದೆ.

ಹುಬ್ಬಳ್ಳಿಯ ಆಸ್ಪತ್ರೆ. ಮೇಜಿನ ಆಚೆ ಕುಳಿತವಳು ನನ್ನ ಮಗಳ ವಯಸ್ಸಿನವಳು. ಹೊಟ್ಟೆ ಸಣ್ಣದು ಮಾಡುವ ಆಪರೇಶನ್ ಆದವರು ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂದು ಹೇಳಿಕೊಡುವುದೇ ಆಕೆಯ ಕೆಲಸ. ಆ ಕೆಲಸಕ್ಕಿರುವ ಇಂಗ್ಲಿಷ್ ಹೆಸರು ನನ್ನ ನಾಲಗೆಗೆ ಹೊರಳಲಿಲ್ಲ. ಊಟದ ಮೇಡಂ ಎಂದೇ ಕರೆದೆ, ಇವತ್ತಿಗೂ ಹಾಗೇ ಕರೆಯುತ್ತೇನೆ.

"ಮುಂದ?" ಎಂದೆ.

"ಮುಂದ ಏನ್ರಿ ಕಾಕಾ?"

"ಊಟ."

"ಇದ ಊಟ. ಈ ಬಟ್ಟಲದಾಗ ಹಿಡಿಯೋವಷ್ಟು. ಅದೂ ಆಪರೇಶನ್ ಆಗಿ ಕೆಲವು ತಿಂಗಳಾದ ಮ್ಯಾಲೆ. ಅದಕ್ಕೂ ಮೊದಲು ಬರೇ ಚಮಚಾ."

ಪಕ್ಕದಲ್ಲಿ ಕುಳಿತ ನನ್ನ ಹೆಂಡತಿ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. "ಮೇಡಂ ಅವ್ರ, ಇವರ ಒಂದು ತುತ್ತು ಇದಕ್ಕಿಂತ ದೊಡ್ಡದಿರ್ತೈತ್ರಿ."

ಊಟದ ಮೇಡಂ ನಗಲಿಲ್ಲ. ಒಂದೊಂದೇ ಮಾತು ಬಿಡಿಸಿ ಹೇಳಿದಳು. ಮೊದಲು ಕಾಳು, ಬೇಳೆ, ಮೊಸರು, ಪನೀರು, ಆಮೇಲೆ ಪಲ್ಯ, ಜಾಗ ಉಳಿದರೆ ರೊಟ್ಟಿ. ಒಂದೊಂದು ತುತ್ತನ್ನೂ ಗಂಧ ತೇಯ್ದ ಹಾಗೆ ನುಣ್ಣಗೆ ಮಾಡಿಯೇ ನುಂಗಬೇಕು. ಸಾಕು ಅನಿಸಿದ ಮೇಲೆ ಒಂದು ಅಗುಳೂ ಹೆಚ್ಚು ಬೇಡ. ಗುಳಿಗೆ ತಪ್ಪಿಸಬಾರದು. ನೀರು ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ಆದರೆ ಊಟಕ್ಕೆ ಅರ್ಧ ತಾಸು ಮೊದಲೇ ನಿಲ್ಲಿಸಿ, ಊಟವಾದ ಮೇಲೂ ಅರ್ಧ ತಾಸು ಮುಟ್ಟಬಾರದು.

"ಊಟದ ಜೋಡಿ ನೀರು ಕುಡಿಯೋ ರೂಢಿ ಐತೇನ್ರಿ ಕಾಕಾ?"

"ಇಲ್ರಿ. ಊಟಕ್ಕ ಕುಂತ್ರ ನಾ ನೀರಿನ ಕಡೆ ನೋಡಂಗನ ಇಲ್ಲ."

ಅದು ನಿಜವಾಗಿತ್ತು. ಕನಿಷ್ಠ ನನ್ನ ಲೆಕ್ಕದಲ್ಲಿ ನಿಜವಾಗಿತ್ತು.

ಬಂಕಾಪುರದ ಹತ್ತಿರ, ಹೈವೇಗೆ ಮುಖ ಮಾಡಿಕೊಂಡು ನನ್ನ ವೆಲ್ಡಿಂಗ್ ಅಂಗಡಿ ಇದೆ. ಟ್ರ್ಯಾಕ್ಟರಿನ ಟ್ರೇಲರ್ ಕಟ್ಟುವುದು ನನ್ನ ಕೆಲಸ. ಹಾನಗಲ್ಲಿನ ಕಡೆಯ ಭತ್ತ, ಹಿರೇಕೆರೂರಿನ ಕಡೆಯ ಗೋವಿನಜೋಳ, ಶಿಗ್ಗಾಂವಿಯ ಕಬ್ಬು ಎಲ್ಲವೂ ನಾನು ಕಟ್ಟಿದ ಟ್ರೇಲರುಗಳ ಮೇಲೆ ಊರು ದಾಟಿವೆ. ಎಷ್ಟು ಹೇರಿದರೂ ನನ್ನ ಬೆಸುಗೆ ಬಿಟ್ಟಿತು ಎಂದು ಯಾರೂ ವಾಪಸು ಬಂದಿಲ್ಲ. ಇದನ್ನು ಜಂಬ ಅಂದರೂ ನಡೆದೀತು. ಏಳನೇ ಇಯತ್ತೆಗೆ ಸಾಲಿ ಬಿಟ್ಟವನಿಗೆ ಜಂಬ ಪಡಲು ಕೈಗಳ ಹೊರತು ಬೇರೆ ಏನಿದೆ? ಸಾಲಿಯನ್ನು ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಸಾಲಿಯ ಹಾದಿಯಲ್ಲಿ ಕಮ್ಮಾರನ ಕುಲುಮೆ ಇತ್ತು. ಆ ಬೆಂಕಿ ದಾಟಿ ಮುಂದೆ ಹೋಗಲು ಕಾಲು ಏಳುತ್ತಿರಲಿಲ್ಲ.

ಆಗ ಕುಲುಮೆಯಲ್ಲಿ ಘನ, ಎರಡೂ ಕೈಯಿಂದ ಎತ್ತುವ ಆ ದೊಡ್ಡ ಸುತ್ತಿಗೆ, ಹೊಡೆಯುತ್ತಿದ್ದೆ. ಘನ ಹೊಡೆಯುವವನ ಊಟ ಉಣ್ಣುತ್ತಿದ್ದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮೇಲೆ ಅನ್ನ ಸಾರು, ಅದರ ಮೇಲೆ ಮೊಸರು, ಸಂಜೆಗೆ ಗಿರಮಿಟ್ಟು ಮಿರ್ಚಿ. ನಮ್ಮ ಕಡೆ ಉಣ್ಣುವವನಿಗೆ ಮರ್ಯಾದೆಯಿದೆ. ಬೀಗರ ಮನೆಯಲ್ಲಿ ಹೋಳಿಗೆಗೆ ಕುಳಿತರೆ ಬಡಿಸುವವರ ಕೈ ಸೋಲಬೇಕು, ನನ್ನದಲ್ಲ. ಬರಬರುತ್ತ ಘನದ ಕೆಲಸವನ್ನು ಯಂತ್ರಗಳು ತೆಗೆದುಕೊಂಡವು. ಗ್ರೈಂಡರ್ ಬಂತು, ಕಟ್ಟರ್ ಬಂತು, ಪಟ್ಟಿ ಬಗ್ಗಿಸುವ ಮಶೀನು ಬಂತು. ಊಟವನ್ನು ಮಾತ್ರ ಯಾವ ಯಂತ್ರವೂ ನನ್ನಿಂದ ತೆಗೆದುಕೊಳ್ಳಲಿಲ್ಲ.

ಮೈ ಬೆಳೆಯಿತು. ಮೊಣಕಾಲು ನೋಯತೊಡಗಿತು. ಸಕ್ಕರೆ ಕಾಯಿಲೆ ಬಂತು. ಇವೆಲ್ಲವನ್ನೂ ನುಂಗಿಕೊಂಡಿದ್ದೆ. ನುಂಗಲಾಗದ್ದು ಒಂದೇ ಒಂದು ನಡೆಯಿತು. ಒಂದು ದಿನ ಚಾಸಿಗೆ ಕೆಳಗಿನಿಂದ ಬೆಸುಗೆ ಹಚ್ಚಲು ಟ್ರೇಲರಿನ ಅಡಿಗೆ ಹೊಕ್ಕವನು ಹೊರಗೆ ಬರಲಾರದೆ ಸಿಕ್ಕಿಕೊಂಡೆ. ಹೊಟ್ಟೆ ಆಕ್ಸಲ್ಲಿಗೆ ಕಚ್ಚಿಕೊಂಡಿತ್ತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ನನ್ನ ಅಂಗಡಿಯ ಹಿರಿಯ ಕೆಲಸಗಾರ ಜಾಕ್ ಹಚ್ಚಿ ಟ್ರೇಲರನ್ನೇ ಎತ್ತಿ ನನ್ನನ್ನು ಎಳೆದ. ಆ ಟ್ರೇಲರಿನ ಮಾಲೀಕ, ಹಾನಗಲ್ಲಿನ ಕಡೆಯ ರೈತ, ಅಲ್ಲೇ ಚಹಾ ಕುಡಿಯುತ್ತ ನಿಂತಿದ್ದ.

"ಯಜಮಾನ್ರ, ಎಷ್ಟು ಲೋಡ್ ತಡೀತೈತಿ ಅಂತ ನಿಮ್ಮ ಮ್ಯಾಲ ಇಟ್ಟು ಟೆಸ್ಟ್ ಮಾಡಿದ್ರೇನು?"

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಅಂದಿನಿಂದ ಟ್ರೇಲರಿನ ಅಡಿಗೆ ಬೇರೆಯವರು ಹೊಕ್ಕರು, ನಾನು ಕುರ್ಚಿಯಲ್ಲಿ ಕುಳಿತು ಬಾಯಿಯಿಂದ ಬೆಸುಗೆ ಹಚ್ಚಿದೆ. "ಈಗೀಗ ಅವ್ರ ಕೈ ಕೆಲಸ ಅಲ್ಲಂತ" ಎಂಬ ಮಾತು ಸಂತೆಯಲ್ಲಿ ಸುತ್ತಿ ನನ್ನ ಕಿವಿಗೂ ಬಂತು. ಡಾಕ್ಟರು ಆಪರೇಶನ್ ವಿಷಯ ಎತ್ತಿದಾಗ ಸಕ್ಕರೆ ಇಳಿಯುತ್ತದೆ, ಆಯುಷ್ಯ ಬೆಳೆಯುತ್ತದೆ ಎಂದೆಲ್ಲ ಹೇಳಿದರು. ಆಯುಷ್ಯದ ಆಸೆಗೆ ನಾನು ಒಪ್ಪಲಿಲ್ಲ. ಟ್ರೇಲರಿನ ಅಡಿಗೆ ನಾನೇ ಹೊಕ್ಕು, ನಾನೇ ಬೆಸುಗೆ ಹಚ್ಚಿ, ಜಾಕ್ ಇಲ್ಲದೆ ನಾನೇ ಹೊರಗೆ ಬರಬೇಕು. ಅದಕ್ಕಾಗಿ ಒಪ್ಪಿದೆ.

ಆಪರೇಶನ್ ಆದ ಮೇಲಿನ ದಿನಗಳು ಚಮಚದಲ್ಲಿ ನಡೆದವು. ಸೋಸಿದ ಬೇಳೆಯ ಕಟ್ಟು, ತಿಳಿಮಜ್ಜಿಗೆ, ಆಸ್ಪತ್ರೆಯವರು ಕೊಟ್ಟ ಪುಡಿ ಕಲಸಿದ ಹಾಲು. ಎಲ್ಲವೂ ಚಮಚ, ಚಮಚದ ನಡುವೆ ದೊಡ್ಡ ಬಿಡುವು. ಸೋಜಿಗವೆಂದರೆ ನನಗೆ ಹಸಿವೆಯಾಗಲಿಲ್ಲ. ನಾಲ್ಕು ಚಮಚಕ್ಕೆ ಎದೆಯ ಕೆಳಗೆ ಯಾರೋ ಅಂಗೈ ಇಟ್ಟು "ಸಾಕು" ಎಂದ ಹಾಗಾಗುತ್ತಿತ್ತು. ಜೀವಮಾನದಲ್ಲಿ ಆ ಕೈಯನ್ನು ನಾನು ಕಂಡೇ ಇರಲಿಲ್ಲ. ಹಸಿವೆಯಿದ್ದದ್ದು ಕಣ್ಣಿಗೆ. ಹೆಂಡತಿ ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಕಣ್ಣು ತಾನೇ ಆ ಕಡೆ ತಿರುಗುತ್ತಿತ್ತು.

ಚಮಚ ಹೋಗಿ ಮೆತ್ತಗಿನ ಊಟ ಬಂತು. ಹಿಸುಕಿದ ಹೆಸರುಬೇಳೆ, ಮೊಸರು. ಆಮೇಲೆ ಮೊಳಕೆ ಬಂದ ಮಡಕಿಕಾಳು, ಕಾಲು ರೊಟ್ಟಿ. ಕಡೆಗೆ ಬಟ್ಟಲಿನ ದಿನಗಳು ಬಂದವು.

ಬಟ್ಟಲಿನಲ್ಲಿ ಉಣ್ಣಲು ಮನಸ್ಸು ಒಪ್ಪಲಿಲ್ಲ. ಅಳತೆಗೆ ತಕರಾರಿರಲಿಲ್ಲ, ಬಟ್ಟಲಿಗಿತ್ತು. ನಮ್ಮ ಮನೆಯಲ್ಲಿ ಅಪ್ಪನ ಕಂಚಿನ ಗಂಗಾಳವಿದೆ. ಅಂಚು ಎತ್ತರ, ಅಗಲವೆಂದರೆ ಕೂಸನ್ನು ಮಲಗಿಸಬಹುದು. ಅಪ್ಪ ಉಂಡದ್ದು ಅದರಲ್ಲಿ, ಅಪ್ಪನ ನಂತರ ನಾನು ಉಂಡದ್ದು ಅದರಲ್ಲಿ. ಗಂಡಸು ಬಟ್ಟಲು ಹಿಡಿದು ಕುಳಿತರೆ ಕೂಸಿಗೆ ಉಣಿಸಿದ ಹಾಗೆ ಕಾಣುತ್ತದೆ. "ಬಟ್ಟಲದಾಗ ಅಳತಿ ಮಾಡು, ಗಂಗಾಳದಾಗ ಹಾಕು" ಎಂದೆ. ಹೆಂಡತಿ ಹಾಗೇ ಮಾಡಿದಳು. ಆಕೆಯ ತವರು ಮಾಸೂರು. ಮದಗದ ಕೆರೆಯ ನೀರು ಕುಡಿದು ಬೆಳೆದವಳು.

"ಮದಗದ ಕೆರಿಗೆ ಒಂದು ಹಳ್ಳು ಒಗದಂಗ ಕಾಣ್ತೈತಿ ನೋಡ್ರಿ" ಎಂದಳು.

ಹರಳಷ್ಟೇ ಇರಲಿ, ಕೆರೆ ನನ್ನದು. ನಿಧಾನಕ್ಕೆ ಅಗಿದು, ಸಾಕೆನಿಸಿದಾಗ ನಿಲ್ಲಿಸಿ, ಗಂಗಾಳ ತೊಳೆದು ಕುಡಿದು, ಕೈ ತೊಳೆದು ಏಳುತ್ತಿದ್ದೆ. ತೂಕ ಇಳಿಯಿತು. ಬೆಲ್ಟಿಗೆ ನಾನೇ ಮೊಳೆ ಬಡಿದು ಹೊಸ ತೂತು ಮಾಡಿಕೊಂಡೆ. ಮೊಣಕಾಲು ಮೊದಲಿನ ಹಾಗೆ ಕೂಗಲಿಲ್ಲ. ಸವಣೂರಿಗೆ ಕೊಟ್ಟ ನಮ್ಮಕ್ಕ ನೋಡಲು ಬಂದಳು, ಕೈಯಲ್ಲಿ ಸವಣೂರಿನ ಕರಿದ ಖಾರದ ಪಾಕೀಟು ಹಿಡಿದುಕೊಂಡೇ. ನಾನು ಉಣ್ಣುವುದನ್ನು ನೋಡಿ ಕಣ್ಣಿಗೆ ಸೆರಗು ಹಚ್ಚಿದಳು.

"ತಮ್ಮಾ, ನಮ್ಮನಿಯಾಗ ಬೆಕ್ಕಿಗೂ ಇದಕ್ಕಿಂತ ಹೆಚ್ಚಿಗಿ ಹಾಕ್ತೇವೋ."

"ನಿಮ್ಮ ಬೆಕ್ಕು ಇಲಿ ಹಿಡಿಯಂಗಿಲ್ಲ ಅಂತ ನೀನ ಹೇಳಿದ್ದೆಲ್ಲ ಯಕ್ಕಾ? ಹೆಚ್ಚು ಹಾಕಿದ್ದಕ್ಕ ಹಂಗಾಗೇತಿ."

"ಬಾಯಿ ಮಾತ್ರ ತೆಳ್ಳಗಾಗಿಲ್ಲ ಇವಂದು" ಎಂದಳು ಅಕ್ಕ. ಖಾರದ ಪಾಕೀಟನ್ನು ನನ್ನ ಹೆಂಡತಿ ಅಂದೇ ಪಕ್ಕದ ಮನೆಗೆ ಕೊಟ್ಟಳು.

ಅಷ್ಟರಲ್ಲಿ ತೂಕ ಇಳಿಯುವ ಗಾಡಿ ಎಲ್ಲಿಯೋ ನಿಂತಿತು.

ಉಂಡು ಎದ್ದ ಸ್ವಲ್ಪ ಹೊತ್ತಿಗೆ ಮೈ ಬೆವರುತ್ತಿತ್ತು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದು ಕೂಡುತ್ತಿದ್ದೆ. "ಸಕ್ಕರಿ ಇಳದೈತಿ, ಇಷ್ಟು ಕಡಿಮಿ ಉಂಡ್ರ ಏನಾದೀತು" ಎಂದು ಹೆಂಡತಿ ಬೆಲ್ಲದ ಹೆಂಟೆ ಬಾಯಿಗೆ ಇಡುತ್ತಿದ್ದಳು. ಬೆಲ್ಲ ಕರಗಿದ ಹಾಗೆ ಜೀವ ಬಂದಂತಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಹಸಿವೆ, ನಿಜವಾದ ಹಸಿವೆ, ಬಟ್ಟಲಿನಷ್ಟು ಉಂಡದ್ದೇ ಸುಳ್ಳೇನೋ ಎನ್ನುವ ಹಾಗೆ. ಹಸಿವೆಯನ್ನು ತಡೆದುಕೊಂಡೆ, ಬೆಲ್ಲವನ್ನು ಔಷಧಿ ಎಂದು ತಿಂದೆ. ತಕ್ಕಡಿಯ ಮುಳ್ಳು ನಿಂತಲ್ಲೇ ನಿಂತಿತು.

ಆದರೂ ಮೈ ಸಾಕಷ್ಟು ಕರಗಿತ್ತು, ಟ್ರೇಲರಿನ ಅಡಿಗೆ ಹಿಡಿಯುವಷ್ಟು. ತಡೆದುಕೊಳ್ಳಲಾಗದೆ ಒಂದು ಮಧ್ಯಾಹ್ನ, ಊಟವಾದ ಮೇಲೆ, ಯಾರನ್ನೂ ಕೇಳದೆ ಹೊಕ್ಕೆ. ಸಲೀಸಾಗಿ ಹೋದೆ. ಆಕ್ಸಲ್ಲಿಗೂ ಹೊಟ್ಟೆಗೂ ನಡುವೆ ಗೇಣು ಜಾಗವಿತ್ತು. ಆ ಜಾಗ ನೋಡಿ ಕಣ್ಣಲ್ಲಿ ನೀರು ಬಂತು ಎಂದರೆ ನಗಬಾರದು. ರಾಡ್ ಹಚ್ಚಿ ಕಿಡಿ ಹಾರಿಸಿದೆ. ನಾಲ್ಕು ಬೆರಳು ಬೆಸುಗೆ ಓಡಿರಬೇಕು, ಕೈ ನಡುಗಿತು, ಬೆವರು ಕಣ್ಣಿಗಿಳಿಯಿತು, ರಾಡ್ ಕಚ್ಚಿದ ಹೋಲ್ಡರ್ ಕೈಯಿಂದ ಜಾರಿತು. ಕಾಲು ಹಿಡಿದು ಎಳೆದವನು ಅದೇ ಹಿರಿಯ ಕೆಲಸಗಾರ.

"ಸಾವಕಾರ್ರ, ದಪ್ಪ ಇದ್ದಾಗ ಜಾಕ್ ಹಚ್ಚಿ ತೆಗದೆ, ತೆಳ್ಳಗಾದ್ರೂ ನಾನ ತೆಗೀಬೇಕೇನು?" ಎಂದ. ನಗಿಸಲು ಅಂದದ್ದು. ಅವನ ಮುಖ ಮಾತ್ರ ಬಿಳಿಚಿಕೊಂಡಿತ್ತು. ಆಮೇಲೆ ಅವನೇ ನನ್ನ ಹೋಲ್ಡರನ್ನು ಎತ್ತಿ ಮೊಳೆಗೆ ತೂಗುಹಾಕಿದ. ಅದು ಬಹಳ ದಿನ ಅಲ್ಲೇ ತೂಗುತ್ತಿತ್ತು.

ಹುಬ್ಬಳ್ಳಿಗೆ ಹೋದೆವು. ಡಾಕ್ಟರು ತೂಕ ನೋಡಿ, ಹಿಂದಿನ ತೂಕ ನೋಡಿ, ನನ್ನ ಮುಖ ನೋಡಿದರು.

"ಏನರ ಹೆಚ್ಚಿಗಿ ತಿನ್ನಾಕತ್ತೀರೇನ್ರಿ?"

"ಇಲ್ರಿ."

"ಸಿಹಿ?"

"ಇಲ್ರಿ." ಬೆಲ್ಲ ನನ್ನ ನೆನಪಿಗೆ ಬರಲಿಲ್ಲ. ಔಷಧಿ ಸಿಹಿಯ ಲೆಕ್ಕಕ್ಕೆ ಬರುತ್ತದೆಯೇ?

"ನೋಡ್ರಿ, ನನ್ನ ಕೈಯಾಗಿಂದು ನಾ ಮಾಡೇನಿ. ಇನ್ನ ಉಳದದ್ದು ನಿಮ್ಮ ಕೈಯಾಗ ಐತಿ" ಎಂದರು. ಮಾತು ಮೆತ್ತಗಿತ್ತು. ನನಗೆ ಕಳ್ಳನೆಂದ ಹಾಗೆ ಕೇಳಿಸಿತು. ಕಬ್ಬಿಣದಲ್ಲಿ ಒಂದು ಗುಂಜಿ ಕದ್ದವನಲ್ಲ ನಾನು, ರೊಟ್ಟಿಯಲ್ಲಿ ಕದಿಯುತ್ತೇನೆಯೇ?

ಮನೆಗೆ ಬಂದು ಅಂಗಿ ಕಳಚಿ ಗೂಟಕ್ಕೆ ಹಾಕಿ ಹಿತ್ತಲಿಗೆ ಹೋದವನು ಟವೆಲ್ ಮರೆತು ಒಳಗೆ ಬಂದರೆ, ಆಕೆ ನನ್ನ ಅಂಗಿಯ ಕಿಸೆಗೆ ಮೂಗು ಹಚ್ಚಿ ನಿಂತಿದ್ದಳು.

"ಏನ ಮೂಸಾಕತ್ತಿ?"

"ಖಾರದ ವಾಸನಿ ಬರ್ತೈತೇನು ಅಂತ."

"ನನ್ನ ಮ್ಯಾಲ ನಂಬಿಕಿ ಇಲ್ಲೇನು ನಿನಗ?"

"ನಂಬಿಕಿ ಐತ್ರಿ. ತಕ್ಕಡಿ ನಂಬವಲ್ದು, ನಾ ಏನ ಮಾಡ್ಲಿ?"

ಸಿಟ್ಟು ನೆತ್ತಿಗೇರಿತು. ಆದರೆ ಆಕೆಯ ಕಣ್ಣು ನೋಡಿದರೆ ಅದರಲ್ಲಿ ಅನುಮಾನಕ್ಕಿಂತ ಹೆದರಿಕೆಯೇ ಹೆಚ್ಚಿತ್ತು. ಟ್ರೇಲರಿನ ಅಡಿಯಿಂದ ನನ್ನನ್ನು ಎಳೆದ ಸುದ್ದಿ ಆಕೆಗೂ ಮುಟ್ಟಿತ್ತು. ಇಷ್ಟು ಉಂಡರೆ ಗಂಡ ಬಿದ್ದುಹೋಗುತ್ತಾನೆ, ಹೆಚ್ಚು ಉಂಡರೆ ಆಪರೇಶನ್ ವ್ಯರ್ಥವಾಗುತ್ತದೆ. ಎರಡರ ನಡುವೆ ಬಟ್ಟಲು ಹಿಡಿದು ನಿಂತವಳು ಆಕೆ.

"ಆತು," ಎಂದೆ. "ಇಲ್ಲಿ ಏನು ಉಣ್ತೇನಿ ಅದನ್ನ ಆ ಊಟದ ಮೇಡಂ ಮುಂದ ಉಣ್ತೇನಿ. ಕಣ್ಣಾರೆ ನೋಡ್ಲಿ ಆಕಿ."

ಬುತ್ತಿ ಕಟ್ಟಿಸಿದೆ. ಗಂಗಾಳವನ್ನೂ ಟವೆಲ್ಲಿನಲ್ಲಿ ಸುತ್ತಿಸಿದೆ. ಗಂಗಾಳ ಯಾಕೆಂದು ಹೆಂಡತಿ ಕೇಳಿದಳು. ಸಾಕ್ಷಿ ಹೇಳುವವರು ಎಲ್ಲರೂ ಬರಬೇಕು ಎಂದೆ.

ಊಟದ ಮೇಡಮ್ಮಿಗೆ ಮೊದಲು ಆಶ್ಚರ್ಯ, ಆಮೇಲೆ ಖುಷಿ. ಮೇಜಿನ ಮೇಲಿನ ಕಾಗದಗಳನ್ನು ಸರಿಸಿ ಜಾಗ ಮಾಡಿದಳು. ನನಗೆ ಮೇಜು ಸೇರಲಿಲ್ಲ, ನೆಲಕ್ಕೇ ಕುಳಿತೆ. ಆಪರೇಶನ್ನಿಗೆ ಮೊದಲು ನೆಲಕ್ಕೆ ಕುಳಿತರೆ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು, ಅದನ್ನೂ ನೋಡಲಿ ಎಂದು. ಉಂಡ ಮೇಲಿನ ಬೆವರು, ಎದೆ ಬಡಿತವನ್ನೆಲ್ಲ ಹೇಳುತ್ತಲೇ ಹೆಂಡತಿ ಬಟ್ಟಲಿನಿಂದ ಅಳೆದು ಗಂಗಾಳಕ್ಕೆ ಹಾಕಿದಳು. ಮೊದಲು ಮಡಕಿಕಾಳು. ಆಮೇಲೆ ಮೆಂತ್ಯದ ಪಲ್ಯ, ಕಾಲು ರೊಟ್ಟಿ, ಎರಡು ಚಮಚ ಮೊಸರು. ನಾನು ಅಗಿದೆ. ಊಟದ ಮೇಡಂ ಕುರ್ಚಿಯಿಂದ ಬಾಗಿ ನನ್ನ ದವಡೆಯನ್ನೇ ನೋಡುತ್ತಿದ್ದಳು.

"ಕಾಕಾ, ನಿಮ್ಮಂಗ ಅಗಿಯೋರನ್ನ ನಾ ನೋಡೇ ಇಲ್ಲ. ಉಳದವ್ರಿಗೆ ನಿಮ್ಮನ್ನ ತೋರಸ್ಬೇಕು."

ಹೆಂಡತಿಯ ಕಡೆ ಹುಬ್ಬು ಹಾರಿಸಿದೆ. ಕೇಳಿದೆಯಾ ಎಂದು.

ಊಟ ಮುಗಿಯಿತು. ತಂಬಿಗೆ ಎತ್ತಿ ಗಂಗಾಳಕ್ಕೆ ನೀರು ಬಿಟ್ಟೆ. ಬೆರಳಿನಿಂದ ಸುತ್ತಲೂ ಬಳಿದೆ. ಅಂಚಿಗೆ ಹತ್ತಿದ ಮೊಸರು, ತಳದ ಕಾಳಿನ ರಸ, ರೊಟ್ಟಿಯ ಹಿಟ್ಟು ಎಲ್ಲ ಕೂಡಿಸಿ, ಎರಡೂ ಕೈಯಿಂದ ಎತ್ತಿ, ಒಂದೇ ಉಸಿರಿಗೆ ಕುಡಿದು, ಕೆಳಗಿಟ್ಟೆ.

"ಕಾಕಾ!" ಊಟದ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟಳು. "ಏನ್ ಮಾಡಿದ್ರಿ?"

"ಏನ ಮಾಡ್ದೆ?"

"ನೀರು ಕುಡದ್ರಿ!"

"ನೀರೆಲ್ಲಿ ಕುಡದೆ? ಗಂಗಾಳ ತೊಳದೆ."

"ತೊಳದು ಕುಡದ್ರೆಲ್ಲ?"

"ಮತ್ತ ತೊಳದು ಚೆಲ್ತಾರೇನ್ರಿ?"

"ಹೌದ್ರಿ ಮೇಡಂ ಅವ್ರ," ಎಂದಳು ಹೆಂಡತಿ, ನನ್ನ ಪರವಾಗಿ, ಬಹಳ ದಿನಗಳ ಮೇಲೆ. "ಅವರು ಊಟದಾಗ ನೀರು ಮುಟ್ಟಂಗಿಲ್ರಿ. ಅದು ಗಂಗಾಳದ್ದು."

ಊಟದ ಮೇಡಂ ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ತಂಬಿಗೆಯನ್ನು ನನ್ನ ಕೈಗೆ ಕೊಟ್ಟು, "ದಿನಾ ಎಷ್ಟು ಹಾಕ್ತೀರಿ ಅಷ್ಟ ಹಾಕ್ರಿ" ಎಂದಳು. ಹಾಕಿದೆ. ಆ ನೀರನ್ನು ಊಟ ಅಳೆದ ಬಟ್ಟಲಿಗೆ ಸುರಿಯತೊಡಗಿದಳು. ಬಟ್ಟಲು ತುಂಬಿತು. ಚೆಲ್ಲಿ ಮತ್ತೆ ಸುರಿದಳು, ಮತ್ತೆ ತುಂಬಿತು, ಗಂಗಾಳದಲ್ಲಿ ಇನ್ನೂ ಉಳಿದಿತ್ತು. ಕೆರೆಯಂಥ ಗಂಗಾಳ; ಅದರ ಅಂಚು ತೊಳೆಯಬೇಕಾದರೆ ಕೆರೆಯಷ್ಟೇ ನೀರು ಬೇಕಲ್ಲ. ಹೆಂಡತಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ನಿಮ್ಮ ಹೊಟ್ಟಿ ಈಗ ಸಣ್ಣ ಚೀಲ ಐತ್ರಿ ಕಾಕಾ. ಊಟ ಅದರಾಗ ನಿಂತು, ಸಾವಕಾಶ ಕೆಳಗ ಇಳೀಬೇಕು. ಉಂಡ ಕೂಡ್ಲೆ ಇಷ್ಟು ನೀರು ಬಿಟ್ರ ಎಲ್ಲಾ ಒಮ್ಮೆಲೆ ಕೆಳಗ ತಳ್ಳಿಕೊಂಡು ಹೊಕ್ಕೈತಿ. ಅದಕ್ಕ ಬೆವರು, ಅದಕ್ಕ ಎದಿ ಬಡಿತ. ಚೀಲ ಖಾಲಿ ಆತಂದ್ರ ಮತ್ತ ಹಸಿವಿ. ಎದಿ ಬಡಿದಾಗ ಏನ್ ಮಾಡ್ತಿದ್ರಿ?"

"ಬೆಲ್ಲ ಕೊಡ್ತಿದ್ದೆ" ಎಂದಳು ಹೆಂಡತಿ ಸಣ್ಣ ದನಿಯಲ್ಲಿ. "ಔಷಧಿ ಅಂತ."

ಊಟದ ಮೇಡಂ ಹಣೆ ಹಿಡಿದುಕೊಂಡು ಕುಳಿತಳು. ಬೈಯಲಿಲ್ಲ. "ಬೆಲ್ಲದ್ದು ನಾ ಕೇಳಬೇಕಾಗಿತ್ತು. ಗಂಗಾಳದ್ದು ಕೇಳಾಕ ನನಗೂ ತಿಳೀಲಿಲ್ಲ" ಎಂದು ನಕ್ಕಳು. ಇನ್ನು ಮೇಲೆ ತಲೆ ತಿರುಗಿದರೆ ಮೊದಲು ಸಕ್ಕರೆ ನೋಡುವ ಮಶೀನು ಹಚ್ಚಬೇಕು, ತನಗೆ ಫೋನ್ ಮಾಡಬೇಕು, ಬೆಲ್ಲದ ಡಬ್ಬಿಗೆ ಕೈ ಹಾಕುವಂತಿಲ್ಲ ಎಂದಳು.

ನನಗೆ ವಿಷಯ ತಿಳಿದದ್ದು ನನ್ನ ದಾರಿಯಲ್ಲಿ. ಹೊಸದಾಗಿ ಕೆಲಸಕ್ಕೆ ಬಂದವರು ಬೆಸುಗೆ ಬೇಗ ಆರಲಿ ಎಂದು ಅದರ ಮೇಲೆ ನೀರು ಹೊಯ್ಯುತ್ತಾರೆ. ನಾನು ಕೂಗುತ್ತೇನೆ. ಬಿಸಿ ಬೆಸುಗೆಗೆ ನೀರು ಬಿದ್ದರೆ ಮೇಲೆ ಚಂದ ಕಾಣುತ್ತದೆ, ಒಳಗೆ ಕೂದಲೆಳೆಯಷ್ಟು ಸೀಳು ಬಿಡುತ್ತದೆ, ಲೋಡು ಬಿದ್ದ ದಿನ ತೆರೆದುಕೊಳ್ಳುತ್ತದೆ. ಅದರ ಪಾಡಿಗೆ ಆರಲು ಬಿಡಬೇಕು. ಬದುಕೆಲ್ಲ ಬೇರೆಯವರಿಗೆ ಇದನ್ನೇ ಕೂಗುತ್ತ ಬಂದವನು, ದಿನಕ್ಕೆ ಮೂರು ಹೊತ್ತು ನನ್ನ ಹೊಟ್ಟೆಯ ಬೆಸುಗೆಯ ಮೇಲೆ ನೀರು ಹೊಯ್ದುಕೊಳ್ಳುತ್ತಿದ್ದೆ.

"ಇನ್ನ ಮ್ಯಾಲೆ ತೊಳದು ಕುಡಿಯೂದು ಬಿಟ್ಟುಬಿಡ್ರಿ" ಎಂದಳು ಊಟದ ಮೇಡಂ.

"ಅದು ಆಗೂದಿಲ್ರಿ."

"ಯಾಕ್ರಿ?"

"ಹೊಟ್ಟಿ ಕತ್ತರಿಸ್ತೇವಿ ಅಂದ್ರಿ, ಕತ್ತರಿಸಿಕೊಂಡೆ. ಹೋಳಿಗಿ ಬಿಡು ಅಂದ್ರಿ, ಬಿಟ್ಟೆ. ಇದು ನಮ್ಮಪ್ಪಂದ್ರಿ."

ಅಪ್ಪ ಮಠದ ದಾಸೋಹಕ್ಕೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ. ಪ್ರಸಾದವೆಂದರೆ ತಟ್ಟೆಯಲ್ಲಿ ಒಂದು ಅಗುಳು ಉಳಿಯಬಾರದು, ತೊಳೆದ ನೀರೂ ನೆಲಕ್ಕೆ ಬೀಳಬಾರದು. ಮನೆಯ ಊಟವೂ ಅವನಿಗೆ ಪ್ರಸಾದವೇ. "ಉಂಡ ಮ್ಯಾಲೆ ಗಂಗಾಳ ನೋಡಿದ್ರ, ಇದರಾಗ ಯಾರೂ ಉಂಡಿಲ್ಲ ಅನ್ನಬೇಕು" ಎನ್ನುತ್ತಿದ್ದ. ಅಪ್ಪ ಬಿಟ್ಟುಹೋದದ್ದರಲ್ಲಿ ನಾನು ಒಂದು ಹೊತ್ತೂ ತಪ್ಪಿಸದೆ ನಡೆಸಿಕೊಂಡು ಬಂದದ್ದು ಇದೊಂದೇ.

ಆದರೂ ಮೊಳೆಗೆ ತೂಗುತ್ತಿದ್ದ ಹೋಲ್ಡರ್ ನೆನಪಾಗಿ, ಮರುದಿನ ಉಂಡು ಗಂಗಾಳವನ್ನು ಹಾಗೇ ಬಿಟ್ಟು ಎದ್ದೆ. ಹೆಂಡತಿ ಅದನ್ನು ತೊಳೆದು ಬಚ್ಚಲಿಗೆ ಚೆಲ್ಲಿದ ಸಪ್ಪಳ ಕೇಳಿಸಿತು. ಮೈ ಬೆವರಲಿಲ್ಲ, ಎದೆ ಬಡಿಯಲಿಲ್ಲ. ಊಟದ ಮೇಡಂ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಆದರೆ ಯಾರದೋ ಮನೆಯಲ್ಲಿ ಉಂಡು ಹೇಳದೆ ಎದ್ದು ಬಂದವನ ಹಾಗೆ ಇಡೀ ಮಧ್ಯಾಹ್ನ ಮುಖ ಸಪ್ಪಗಿತ್ತು.

ಅದನ್ನು ಹೆಂಡತಿ ನೋಡಿದ್ದಳು. ಸಂಜೆ ಊಟಕ್ಕೆ ಕುಳಿತಾಗ, "ಉಂಡು ಏಳಬ್ಯಾಡ್ರಿ. ಗಂಗಾಳ ಮುಂದ ಇಟಗೊಂಡು ಕುಂದ್ರಿ. ಅರ್ಧ ತಾಸು ಆದ ಮ್ಯಾಲೆ ತೊಳದು ಕುಡೀರಿ, ಅದೂ ಒಂದೊಂದ ಗುಟುಕು. ಪ್ರಸಾದ ಅರ್ಧ ತಾಸಿನಾಗ ಎಲ್ಲಿಗೂ ಓಡಿಹೋಗೂದಿಲ್ಲ" ಎಂದಳು.

"ಉಂಡ ಕೈ ಒಣಗಿಸಿಕೊಂಡು ಕುಂದ್ರಬಾರದಲ್ಲ?"

"ಒಣಗಸ್ಬ್ಯಾಡ್ರಿ. ತೊಳಕೊಂಡು ಕೆಲಸಾ ಮಾಡ್ರಿ."

"ಏನ ಕೆಲಸಾ?"

"ನನಗ ನೀಡ್ರಿ."

ತಮಾಷೆ ಎಂದುಕೊಂಡೆ. ಆಕೆ ಆಗಲೇ ತನ್ನ ತಾಟು ತಂದು ನನ್ನೆದುರು ಇಟ್ಟು ಕುಳಿತಿದ್ದಳು. ನಾನು ಉಂಡು ಎದ್ದ ಮೇಲೆ, ಒಲೆಯ ಬದಿಗೆ ಒಬ್ಬಳೇ ಕುಳಿತು, ಆರಿದ ರೊಟ್ಟಿ ಮುರಿದುಕೊಳ್ಳುವುದು ಆಕೆಯ ರೂಢಿ. ಆಕೆ ಎಷ್ಟು ಉಣ್ಣುತ್ತಾಳೆ, ಏನು ಉಣ್ಣುತ್ತಾಳೆ ಎಂದು ನಾನು ನೋಡಿದವನೇ ಅಲ್ಲ. ನೋಡಲು ಹೊತ್ತೆಲ್ಲಿತ್ತು, ಉಂಡ ಕೂಡಲೇ ಅಂಗಡಿಗೆ ಓಡಬೇಕು. ಬುಟ್ಟಿಯಿಂದ ರೊಟ್ಟಿ ತೆಗೆದು ಹಾಕಿದೆ. ಪಲ್ಯ ಹಾಕಿದೆ. ಚಮಚ ಸೊಟ್ಟಾಗಿ ಹಿಡಿದು ನೆಲಕ್ಕೂ ಸ್ವಲ್ಪ ಹಾಕಿದೆ.

"ಚಾಸಿಗೆ ಬೆಸಿಗಿ ಹಚ್ಚಿದಂಗ ಹಚ್ಚಾಕತ್ತೀರಲ್ಲ, ನೆಟ್ಟಗ ನೀಡ್ರಿ" ಎಂದಳು.

ಆ ಅರ್ಧ ತಾಸಿನಲ್ಲಿ ಆಕೆ ಉಂಡಳು, ನಾನು ನೀಡಿದೆ. ಆಕೆಗೆ ಬದನೆಕಾಯಿಯ ತೊಟ್ಟು ಸೇರುತ್ತದೆ ಎಂದು ನನಗೆ ಅಂದು ತಿಳಿಯಿತು. ಇಷ್ಟು ವರ್ಷ ತೊಟ್ಟು ಕಿತ್ತು ಗಂಗಾಳದ ಅಂಚಿಗೆ ಇಡುತ್ತಿದ್ದವನು ನಾನು. ಆಮೇಲೆ ಅದನ್ನೂ ಒತ್ತಾಯಕ್ಕೆ ತಿಂದು ಗಂಗಾಳ ಚೊಕ್ಕ ಮಾಡುತ್ತಿದ್ದವನು. ಮಾಸೂರಿನಲ್ಲಿ ಆಕೆಯ ಅಣ್ಣನ ಹೊಲದ ಭತ್ತ, ಸವಣೂರಿನ ಅಕ್ಕನ ಮೊಣಕಾಲು, ಅಕ್ಕನ ಬೆಕ್ಕು, ಏನೇನೋ ಮಾತು ಬಂದವು. ಗೋಡೆಯ ಗಡಿಯಾರ ನೋಡಿ ಆಕೆಯೇ "ಈಗ ತೊಳೀರಿ" ಎಂದಳು. ನೀರು ಬಿಟ್ಟು, ಬಳಿದು, ಗುಟುಕು ಗುಟುಕಾಗಿ ಕುಡಿದೆ. ಅವಸರವಿಲ್ಲದೆ ಕುಡಿದರೆ ಆ ನೀರಿಗೂ ರುಚಿಯಿದೆ. ಮೊಸರಿನದು, ಮೆಂತ್ಯದ್ದು, ಕಟ್ಟಕಡೆಗೆ ಕಂಚಿನದು.

ನೀಡುವ ಹುಚ್ಚು ಮಾತ್ರ ನನಗೆ ಹಿಡಿದುಬಿಟ್ಟಿತು. ಬೀಗರ ಪಂಕ್ತಿಯಲ್ಲಿ ಒತ್ತಾಯ ಮಾಡಿಸಿಕೊಂಡವನಿಗೆ ಒತ್ತಾಯ ಮಾಡುವ ಸುಖ ಗೊತ್ತಿರಲಿಲ್ಲ. "ಇನ್ನೊಂದರ್ಧ ರೊಟ್ಟಿ" ಎಂದರೆ ಆಕೆ ತಾಟಿಗೆ ಕೈ ಅಡ್ಡ ಹಿಡಿಯುತ್ತಾಳೆ. "ನಿಮ್ಮದು ಹೋಗಿ ನಂದು ಆಪರೇಶನ್ ಮಾಡಸ್ಬೇಕಂತ ಮಾಡೀರೇನು? ಸಾಕ್ರಿ!"

ಸಾಕು ಎಂಬ ಮಾತು ಈಗ ನಮ್ಮ ಮನೆಯಲ್ಲಿ ಇಬ್ಬರಿಗೂ ಬರುತ್ತದೆ.

ತಕ್ಕಡಿಯ ಮುಳ್ಳು ಮತ್ತೆ ಇಳಿಯತೊಡಗಿತು, ನಿಧಾನಕ್ಕೆ. ಊಟವಾದ ಮೇಲಿನ ಬೆವರು ನಿಂತಿತು. ಡಾಕ್ಟರು ಈ ಸಲ ತೂಕ ನೋಡಿ ನನ್ನ ಮುಖ ನೋಡಲಿಲ್ಲ, ಭುಜ ತಟ್ಟಿದರು. ಹೋಲ್ಡರ್ ಹಿಡಿಯಬಹುದೇ ಎಂದು ಕೇಳಿದೆ. ಎಚ್ಚರದಿಂದ ಹಿಡಿಯಿರಿ, ಆರಂಭಕ್ಕೆ ಪಕ್ಕದಲ್ಲಿ ಒಬ್ಬರಿರಲಿ ಎಂದರು.

ಕಳೆದ ಸುಗ್ಗಿಯ ಮುಂಚೆ ಆ ಹಾನಗಲ್ಲಿನ ಕಡೆಯ ರೈತ ಮತ್ತೆ ಬಂದ. ಟ್ರೇಲರಿಗೆ ಹೊಸ ಪಟ್ಟಿ ಹಚ್ಚಬೇಕಿತ್ತು. ಆತ ಬಂದದ್ದು ಸರಿಯಾಗಿ ನಮ್ಮ ಊಟದ ಹೊತ್ತಿಗೆ. ಸುಗ್ಗಿಯ ಅವಸರವೆಂದು ಹೆಂಡತಿ ಆಗೆಲ್ಲ ಬುತ್ತಿಯನ್ನು ಅಂಗಡಿಗೇ ತರುತ್ತಿದ್ದಳು. ಬೇವಿನ ನೆರಳಿನಲ್ಲಿ ಚಾಪೆ ಹಾಸಿ, ನನ್ನದು ಮುಗಿದು, ಆಕೆಗೆ ನೀಡುತ್ತ ಕುಳಿತಿದ್ದೆ. ಬರಿದಾದ ಗಂಗಾಳ ಮುಂದಿತ್ತು. ರೈತ ಒಂದು ಚಹಾ ಮುಗಿಸಿದ, ಇನ್ನೊಂದು ತರಿಸಿದ.

"ಯಜಮಾನ್ರ, ಊಟ ಆಗಿ ಎಷ್ಟೊತ್ತಾತು. ಗಂಗಾಳ ಒಣಗಾಕತ್ತೈತಿ, ಏಳ್ರಿ."

"ಆರ್ಲಿ ತಡೀರಿ," ಎಂದೆ. "ಬೆಸಿಗಿ ಬಿಸಿ ಐತಿ."

ಆತನಿಗೆ ತಿಳಿಯಲಿಲ್ಲ. ಹಿರಿಯ ಕೆಲಸಗಾರನಿಗೆ ತಿಳಿಯಿತು, ಮೀಸೆಯಲ್ಲಿ ನಕ್ಕ. ಹೊತ್ತಾದ ಮೇಲೆ ಗಂಗಾಳ ತೊಳೆದು ಕುಡಿದೆ. ಮೊಳೆಗೆ ತೂಗುತ್ತಿದ್ದ ಹೋಲ್ಡರ್ ಇಳಿಸಿ, ಧೂಳು ಒರೆಸಿ, ಮುಖಕ್ಕೆ ಗ್ಲಾಸು ಹಿಡಿದುಕೊಂಡು ಟ್ರೇಲರಿನ ಅಡಿಗೆ ಹೊಕ್ಕೆ. ಹಿರಿಯ ಕೆಲಸಗಾರ ನನ್ನ ಕಾಲ ಬಳಿಯೇ ಕುಕ್ಕರುಗಾಲಿನಲ್ಲಿ ಕುಳಿತ. ಹೆಂಡತಿ ಚಾಪೆ ಮಡಚದೆ ಅಲ್ಲೇ ನಿಂತಳು. ಕೆಳಗಿನಿಂದ ಆಕೆಯ ಪಾದ, ಕಾಲುಂಗುರ ಕಾಣುತ್ತಿದ್ದವು. ಕೈ ನಡುಗಲಿಲ್ಲ. ಈ ತುದಿಯಿಂದ ಆ ತುದಿಗೆ ಬೆಸುಗೆ ಓಡಿತು, ಮಣಿ ಪೋಣಿಸಿದ ಹಾಗೆ. ಅದು ಕೆಂಪು ಹೋಗಿ ಕಪ್ಪಗಾಗುವವರೆಗೆ ಅಲ್ಲೇ ಮಲಗಿ ನೋಡಿದೆ. ಆಮೇಲೆ ಕಾಲು ಊರಿ, ಬೆನ್ನು ಜಾರಿಸಿ, ಹೊರಗೆ ಬಂದೆ.

"ಜಾಕ್ ಬೇಕೇನ್ರಿ?" ಎಂದ ರೈತ.

"ನಿಮ್ಮ ಟ್ರೇಲರ್‌ಗೆ ಬೇಕಾದ್ರ ಒಯ್ಯಿರಿ" ಎಂದೆ.

ಹೆಂಡತಿ ಚಾಪೆ ಮಡಚಿದಳು. ಗಂಗಾಳವನ್ನು ಟವೆಲ್ಲಿನಲ್ಲಿ ಸುತ್ತುವ ಮುಂಚೆ ಬಿಸಿಲಿಗೆ ಹಿಡಿದು ಒಮ್ಮೆ ನೋಡಿದಳು. ಅದರಲ್ಲಿ ಯಾರೂ ಉಂಡ ಗುರುತಿರಲಿಲ್ಲ.